ತೊಟ್ಟಿಗೆ ಬಿದ್ದ ಟಪಾಲು

ಅಡುಗೆಯವನು ಬೆಳಿಗ್ಗೆ ಕೊಳಾಯಿ ಬಿಟ್ಟು ಅತ್ತ ತಿರುಗುವಷ್ಟರಲ್ಲಿ ದೊಡ್ಡ ತೊಟ್ಟಿ ಒಲೆಯ ಮೇಲಿನ ಹಾಲಿನ ಹಾಗೆ ಉಕ್ಕಿ, ಅಂಗಳದ ತುಂಬ ನೊರೆ ಹರಿಯಿತು. ಎಲ್ಲಾದರೂ ಬೆಂಕಿ ಬಿದ್ದರೆ ಇರಲಿ ಎಂದು ನೀರು ತುಂಬಿಡುತ್ತಿದ್ದ ತೊಟ್ಟಿ ಅದು. ಯುದ್ಧಕ್ಕೆ ಮೊದಲು ಆ ಜಾಗ ಸಾಬೂನು ಕಾರ್ಖಾನೆಯಾಗಿತ್ತು. ಈಗ ಹೊಸ ಸಿಪಾಯಿಗಳ ತರಬೇತಿ ಶಿಬಿರ. ದೊಣ್ಣೆ ಹಾಕಿ ಕೆದಕಿದಾಗ, ಹಿಂದಿನ ಸಂಜೆ ಕಾಣೆಯಾಗಿದ್ದ ಟಪಾಲು ಚೀಲ ಮೇಲೆ ಬಂತು. ಸಿಪಾಯಿಗಳು ಮನೆಗೆ ಬರೆದ ಕಾಗದಗಳೆಲ್ಲ ಕಲಸಿದ ಹಿಟ್ಟಾಗಿದ್ದವು. ಚೀಲ ಮುಳುಗಲೆಂದು ಒಳಗೆ ತುರುಕಿದ್ದು ಕಲ್ಲುಗಳಲ್ಲ, ಹಿತ್ತಲಲ್ಲಿ ಧೂಳು ತಿನ್ನುತ್ತ ಬಿದ್ದಿದ್ದ ಹಳೆಯ ಸಾಬೂನಿನ ಗಟ್ಟಿಗಳು.

ಶಿಬಿರದ ಕಾಂಪೌಂಡರ್ ಈ ಸುದ್ದಿ ಹೊತ್ತು ಡಾಕ್ಟರ ಬಳಿಗೆ ಓಡಿದ. ಡಾಕ್ಟರು ಮದ್ದು ಕೊಡುವುದಕ್ಕಿಂತ ಕಳ್ಳತನ ಹಿಡಿಯುವುದರಲ್ಲೇ ಹೆಚ್ಚು ಹೆಸರು ಮಾಡಿದವರು. ಕಂಕುಳಲ್ಲಿ ಈರುಳ್ಳಿ ಇಟ್ಟುಕೊಂಡು ಜ್ವರ ಬರಿಸಿಕೊಂಡವರನ್ನು ನಾಡಿ ಮುಟ್ಟದೆಯೇ ಪತ್ತೆ ಮಾಡುತ್ತಿದ್ದರು. ಮೇಜರ್ ಸಾಹೇಬರ ಕಳೆದುಹೋದ ಉಂಗುರವನ್ನು ಸಾಹೇಬರ ಬೂಟಿನಲ್ಲೇ ತೋರಿಸಿಕೊಟ್ಟಿದ್ದರು. ಅವರ ಬೆನ್ನಿಗೆ ಬಿದ್ದು ಪೆಟ್ಟಿಗೆ ಹೊತ್ತು ತಿರುಗುತ್ತಿದ್ದ ಕಾಂಪೌಂಡರ್, ಆ ಕೀರ್ತಿಯಲ್ಲಿ ನಾಲ್ಕಾಣೆ ಪಾಲು ತನ್ನದೂ ಎಂದು ನಂಬಿದ್ದ.

"ಇದರಲ್ಲಿ ಪತ್ತೆ ಮಾಡೋಕೆ ಏನಿದೆ ಡಾಕ್ಟರೇ?" ಎಂದರು ಮೇಜರ್. "ಚೀಲ ಟಪಾಲಿನವನ ವಶದಲ್ಲಿತ್ತು. ಒಂದಿನ ಇದನ್ನ ತೊಟ್ಟಿಗೆ ಹಾಕಿ ಮನೆಗೆ ಹೋಗ್ತೀನಿ ಅಂತ ಮೊನ್ನೆ ಅವನೇ ಎಲ್ಲರೆದುರು ಅಂದಿದ್ದ. ಹಾಕಿದ್ದಾನೆ. ನಾಳೆ ಅವನನ್ನ ವಿಚಾರಣೆಗೆ ಕಳಿಸ್ತೀನಿ."

"ಯುದ್ಧದ ಕಾಲದಲ್ಲಿ ಆ ವಿಚಾರಣೆಗೆ ಹೋದವರು ವಾಪಸ್ ಬಂದದ್ದು ನಾನು ನೋಡಿಲ್ಲ" ಎಂದರು ಡಾಕ್ಟರು.

"ಹಾಗಾದ್ರೆ ನಾಳೆಯೊಳಗೆ ಬೇರೆ ಕಳ್ಳನನ್ನ ತಂದು ನಿಲ್ಲಿಸಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಶಿಬಿರದಲ್ಲಿ ಹೊಸದಲ್ಲ. ಆದರೆ ಎಲ್ಲರೂ ಟಪಾಲಣ್ಣ ಎಂದು ಕರೆಯುತ್ತಿದ್ದ ಆ ಮನುಷ್ಯ ಉಗ್ರಾಣದ ಸರಳುಗಳ ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದನ್ನು ನೋಡಿ ಕಾಂಪೌಂಡರ್ ಕೂಡ ಪೆಟ್ಟಿಗೆ ಕೆಳಗಿಟ್ಟು ಸರಳಿನ ಹತ್ತಿರ ಹೋದ.

"ಸೊಂಟ ಹಿಡ್ಕೊಂಡಿತ್ತು ಸಾರ್, ಬೇಜಾರಲ್ಲಿ ಅಂದ ಮಾತು" ಎಂದ ಟಪಾಲಣ್ಣ. "ನಿನ್ನೆ ಚೀಲದ ಬಾಯಿಗೆ ಹಗ್ಗ ಕಟ್ಟಿ ಜಗಲಿ ಮೇಲಿಟ್ಟೆ. ಚಹಾ ಕುಡಿದು ಬರೋಷ್ಟರಲ್ಲಿ ಇಲ್ಲ."

"ಆಗ ಕತ್ತಲಾಗಿತ್ತಾ?"

"ಎಲ್ಲಿ ಕತ್ತಲೆ? ಹಿತ್ತಲ ಗೋಡೆ ಮೇಲೆ ಇನ್ನೂ ಬಿಸಿಲಿತ್ತು."

"ಯುದ್ಧಕ್ಕೆ ಮುಂಚೆ ಏನು ಮಾಡ್ತಿದ್ದೆ?"

"ಇಲ್ಲೇ ಸಾರ್, ಇದೇ ಕಾರ್ಖಾನೇಲಿ ಸಾಬೂನು ಕತ್ತರಿಸ್ತಿದ್ದೆ. ಈ ತೊಟ್ಟೀಲೇ ಕುದಿಸ್ತಿದ್ವಿ."

ಡಾಕ್ಟರು ಮತ್ತೇನೂ ಕೇಳದೆ ಹಿತ್ತಲಿಗೆ ನಡೆದರು. ಅಲ್ಲಿ ಎರಡು ಗುಡ್ಡೆಗಳು ಅಕ್ಕಪಕ್ಕ ಬಿದ್ದಿದ್ದವು: ಒಂದು ಕೆಡವಿದ ಗೋಡೆಯ ಕಲ್ಲು, ಇನ್ನೊಂದು ಮಾರಾಟವಾಗದೆ ಉಳಿದ ಸಾಬೂನು. ಡಾಕ್ಟರು ಒಂದು ಗಟ್ಟಿಯನ್ನು ಕೈಗೆತ್ತಿಕೊಂಡರು. ಧೂಳು ಮೆತ್ತಿ ಒಣಗಿದ್ದ ಅದು ಮುಟ್ಟಲು ಕಲ್ಲಿನಷ್ಟೇ ಒರಟಾಗಿತ್ತು.

"ಇವೆರಡೂ ಬೇರೆ ಬೇರೆ ಅಂತ ಎಷ್ಟು ದೂರದಿಂದ ಗೊತ್ತಾಗುತ್ತೆ?"

"ಅಂಗಳದಿಂದಲೇ ಗೊತ್ತಾಗುತ್ತೆ ಸಾರ್" ಎಂದ ಕಾಂಪೌಂಡರ್. "ಧೂಳು ಹಿಡಿದು ಬಣ್ಣ ಒಂದೇ ಆಗಿದೆ, ಅಷ್ಟೇ. ಇದರ ಮೇಲೆ ಅಷ್ಟು ದೊಡ್ಡ ಕಾರ್ಖಾನೆ ಮುದ್ರೆ ಇದೆಯಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?"

"ಕೆಲವರಿಗೆ ಬೇಕಾಗಬಹುದು" ಎಂದು ಡಾಕ್ಟರು ಗಟ್ಟಿಯನ್ನು ಜೇಬಿಗೆ ಹಾಕಿಕೊಂಡರು.

ಸಿಪಾಯಿಗಳು ಮಲಗುವ ಉದ್ದನೆಯ ಕೋಣೆಯಲ್ಲಿ ಸೂತಕದ ಕಳೆಯಿತ್ತು. ಒಬ್ಬ ತಾಯಿಗೆ ಬರೆದದ್ದು ಹೋಯಿತೆಂದು, ಇನ್ನೊಬ್ಬ ಹೆಂಡತಿಗೆ ಬರೆದದ್ದು ಹೋಯಿತೆಂದು ಟಪಾಲಣ್ಣನ ವಂಶವನ್ನೆಲ್ಲ ಶಪಿಸುತ್ತಿದ್ದ. ಮೂಲೆಯ ಮಂಚದಲ್ಲಿ ಒಬ್ಬನೇ ಒಬ್ಬ ಕೂತು ಹೊಸ ಕಾಗದ ಬರೆಯುತ್ತಿದ್ದ. ಅವನಿಗೆ ಕವಿರಾಯನೆಂದು ಅಡ್ಡಹೆಸರು. ಊರಲ್ಲಿ ಬಟ್ಟೆ ಹೊಲಿಯುವ ಹುಡುಗಿಯೊಬ್ಬಳಿದ್ದಳು. ಅವಳಿಗೆ ವಾರಕ್ಕೊಮ್ಮೆ ಹಾಳೆಗಟ್ಟಲೆ ಬರೆಯದಿದ್ದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಈಗಲೂ ಅವನ ಮೂಗು ಹಾಳೆಗೆ ತಾಗುವಂತಿತ್ತು.

"ನೋಡಿ ಸಾರ್, ಬರೆಯೋದು ಯಾವಾಗ, ಮುತ್ತು ಕೊಡೋದು ಯಾವಾಗ ಅಂತ ಗೊತ್ತಾಗಲ್ಲ" ಎಂದ ಪಕ್ಕದ ಮಂಚದವನು. ಎಲ್ಲರೂ ನಕ್ಕರು. ಕವಿರಾಯ ತಲೆ ಎತ್ತಲಿಲ್ಲ.

"ಬಂದೂಕು ಹಿಡಿದ್ರೂ ಪ್ರೇಮದ್ದೇ ಗುಂಗು" ಎಂದು ಹವಾಲ್ದಾರ ಸೇರಿಸಿದ. "ಪಕ್ಕದವನ ಗುರಿಹಲಗೆಗೆ ಹೊಡೀತಾನೆ. ಇವನ ದಯೆಯಿಂದ ಪಕ್ಕದವನಿಗೆ ಶಹಭಾಸ್‌ಗಿರಿ ಸಿಕ್ತು."

ಡಾಕ್ಟರು ನಗಲಿಲ್ಲ. "ಈ ವಾರ ನಿಮ್ಮ ಕಾಗದ ನಾನು ಓದ್ತೀನಿ ಅನ್ನೋದು ಎಲ್ಲರಿಗೂ ಗೊತ್ತಿತ್ತಾ?" ಎಂದು ಕೇಳಿದರು.

ಶಿಬಿರದ ಗುಟ್ಟು ಹೊರಹೋಗಬಾರದೆಂದು ಅಲ್ಲಿ ಕಾಗದಗಳನ್ನು ಅಂಟಿಸದೆ ಚೀಲಕ್ಕೆ ಹಾಕಬೇಕಿತ್ತು. ಅಧಿಕಾರಿಯೊಬ್ಬ ಓದಿದ ಮೇಲೆಯೇ ಅವು ಊರಿಗೆ ಹೋಗುತ್ತಿದ್ದವು. ಅದುವರೆಗೆ ಓದುತ್ತಿದ್ದ ಲೆಫ್ಟಿನೆಂಟ್ ಊರ ಹೆಸರು ಕಂಡಲ್ಲಿ ಬ್ಲೇಡು ಆಡಿಸಿ, ಪ್ರೇಮದ ಮಾತು ಕಂಡಲ್ಲಿ ಆಕಳಿಸಿ ಪುಟ ತಿರುಗಿಸುವ ಆಸಾಮಿ. ಅವನು ರಜೆಯ ಮೇಲೆ ಹೋದದ್ದರಿಂದ ಆ ಕೆಲಸ ಡಾಕ್ಟರ ಪಾಲಿಗೆ ಬಂದಿತ್ತು. ಡಾಕ್ಟರು ಔಷಧದ ಸೀಸೆಯ ಚೀಟಿಯನ್ನೂ ಕೊನೆಯ ಅಕ್ಷರದವರೆಗೆ ಓದುವವರು.

"ನಿನ್ನೆ ಬೆಳಿಗ್ಗೆನೇ ಬಾಗಿಲಿಗೆ ಚೀಟಿ ಹಚ್ಚಿದ್ರಲ್ಲ ಸಾರ್, ಎಲ್ಲರೂ ಓದಿದ್ವಿ" ಎಂದರು ಸಿಪಾಯಿಗಳು.

"ನಾನೂ ಸಂಜೆ ಚಹಾ ಹೊತ್ತಲ್ಲಿ ಕೂಗಿ ಹೇಳಿದ್ದೆ" ಎಂದ ಕಾಂಪೌಂಡರ್.

ಆಸ್ಪತ್ರೆಯ ಓಣಿಯಲ್ಲಿ ಹೊಸದಾಗಿ ಬಂದ ಹುಡುಗರು ತಪಾಸಣೆಗೆಂದು ಬೆಂಚಿನ ಮೇಲೆ ಕಾದು ಕೂತಿದ್ದರು. ಅವರ ತಲೆಯ ಮೇಲೆ ಗೋಡೆಯಲ್ಲಿ ಕಣ್ಣು ಪರೀಕ್ಷೆಯ ಅಕ್ಷರಪಟ ತೂಗುತ್ತಿತ್ತು. ಕೋಣೆಯೊಳಗೆ ಬೇಕಾದಷ್ಟು ಉದ್ದವಿಲ್ಲವೆಂದು ಕಾಂಪೌಂಡರೇ ಅದನ್ನು ಓಣಿಯ ಕೊನೆಗೆ ಹಾಕಿದ್ದ. ಡಾಕ್ಟರು ಪಟವನ್ನೂ ಬೆಂಚನ್ನೂ ನೋಡುತ್ತ ನಿಂತರು.

"ಕೆಲವರ ಕಣ್ಣು ಎಷ್ಟು ಚುರುಕು ಅಂತೀರಾ ಸಾರ್" ಎಂದ ಕಾಂಪೌಂಡರ್ ಹುರುಪಿನಿಂದ. "ನಾನು ಪಟದ ಮೇಲೆ ಕೋಲು ಇಡೋ ಮೊದಲೇ ಅಕ್ಷರ ಹೇಳಿಬಿಡ್ತಾರೆ."

ಡಾಕ್ಟರು ಅವನ ಮುಖವನ್ನು ಒಂದು ಗಳಿಗೆ ನೋಡಿ, ಎಲ್ಲರನ್ನೂ ಊಟದ ಕೋಣೆಯಲ್ಲಿ ಸೇರಿಸಲು ಹೇಳಿದರು.

ಮಧ್ಯಾಹ್ನ ಎಲ್ಲರೂ ಬೆಂಚುಗಳ ಮೇಲೆ ಕೂತರು. ಟಪಾಲಣ್ಣನನ್ನು ಪಹರೆಯವನು ಕರೆತಂದ. ಎದುರಿನ ದೂರದ ಗೋಡೆಗೆ ಡಾಕ್ಟರು ಒಂದು ಹಾಳೆ ಅಂಟಿಸಿ, ಪಕ್ಕಕ್ಕೆ ಸರಿದರು.

"ಯಾರೂ ಮಾತಾಡಬೇಡಿ. ಅದನ್ನ ಓದಿ, ಅದರಲ್ಲಿ ಹೇಳಿದ ಹಾಗೆ ಮಾಡಿ."

ಹಾಳೆಯಲ್ಲಿ 'ಇದನ್ನು ಓದಿದವರು ಎದ್ದು ನಿಲ್ಲಿ' ಎಂದು ಬರೆದಿತ್ತು. ಬೆಂಚುಗಳು ಕಿರುಗುಟ್ಟಿದವು. ಸಿಪಾಯಿಗಳು ಎದ್ದರು, ಹವಾಲ್ದಾರ ಎದ್ದ, ಮೇಜರ್ ಕೂಡ ಗೊಣಗುತ್ತ ಎದ್ದರು. ಒಬ್ಬನು ಮಾತ್ರ ಕೂತೇ ಇದ್ದ. ಅವನು ಪಕ್ಕದವನ ತೋಳು ಜಗ್ಗಿ "ಏನಂತೆ?" ಎಂದು ಪಿಸುಗುಟ್ಟಿದ್ದು ಆ ನಿಶ್ಶಬ್ದದಲ್ಲಿ ಕೋಣೆಗೆಲ್ಲ ಕೇಳಿಸಿತು.

ಕವಿರಾಯನಿಗೆ ಅಷ್ಟರಲ್ಲೇ ಅರ್ಥವಾಯಿತು. ಹಿಡಿದಿದ್ದ ತೋಳನ್ನು ಬಿಟ್ಟ.

"ಎಲ್ಲರೂ ಕೂತ್ಕೊಳ್ಳಿ" ಎಂದರು ಡಾಕ್ಟರು. ಅವರ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ. "ಮೊದಲನೇದು ಸಾಬೂನು. ಪಕ್ಕದಲ್ಲೇ ಕಲ್ಲಿದ್ರೂ ಕಳ್ಳ ಸಾಬೂನು ತುಂಬಿದ. ಜೀವಮಾನವೆಲ್ಲ ಸಾಬೂನು ಕತ್ತರಿಸಿದ ಟಪಾಲಣ್ಣ ಕಣ್ಣು ಮುಚ್ಚಿಕೊಂಡ್ರೂ ಆ ತಪ್ಪು ಮಾಡಲ್ಲ. ಬಿಸಿಲಲ್ಲೂ ಮೇಲಿನ ಮುದ್ರೆ ಕಾಣದವನೇ ಮಾಡಬೇಕು."

"ಧಾವಂತದಲ್ಲೂ ಆಗಬಹುದಲ್ಲ?" ಎಂದರು ಮೇಜರ್.

"ಆಗಬಹುದು. ಅದಕ್ಕೇ ಎರಡನೇದು ಕೇಳಿ. ತನ್ನದೊಂದು ಕಾಗದ ತಡೆಯಬೇಕಾದವನು ಇಡೀ ಚೀಲ ಯಾಕೆ ಹಾಳು ಮಾಡಿದ? ಬಾಯಿಗೆ ಬರೀ ಹಗ್ಗ ಕಟ್ಟಿತ್ತು. ಕಣ್ಣಿದ್ದವನು ಬಿಚ್ಚಿ, ತನ್ನ ಅಕ್ಷರ ನೋಡಿ, ತನ್ನದನ್ನ ಎತ್ಕೊಂಡು ಹೋಗ್ತಿದ್ದ. ಇವನು ಒಂದೊಂದನ್ನೂ ಮೂಗಿನ ಹತ್ತಿರ ಹಿಡಿದು ನೋಡಬೇಕಿತ್ತು. ಅಷ್ಟು ಹೊತ್ತು ಇರಲಿಲ್ಲ. ಮೂರನೇದು, ಇಷ್ಟು ವಾರ ಹೋದ ಕಾಗದ ನಿನ್ನೆ ಯಾಕೆ ಹೋಗಬಾರದಾಯ್ತು? ಬದಲಾದದ್ದು ಓದುವವನು ಮಾತ್ರ. ಡಾಕ್ಟರಿಂದ ಮುಚ್ಚಿಡೋದು ಏನಿರುತ್ತೆ? ಮೈಯಲ್ಲಿರೋ ಊನ. ಉಳಿದವರು ಬೆಳಿಗ್ಗೆ ಬಾಗಿಲ ಚೀಟಿ ಓದಿದ್ರು. ಎಲ್ಲರೆದುರು ಅದಕ್ಕೆ ಮೂಗು ಹಚ್ಚಿ ಓದಲಾಗದವನು ಕಾಗದ ಚೀಲಕ್ಕೆ ಹಾಕಿ, ಸಂಜೆ ಕೂಗಿ ಹೇಳಿದ ಮೇಲೆ ಹೌಹಾರಿದ."

ಕವಿರಾಯ ಎದ್ದು ನಿಂತ.

"ಯುದ್ಧಕ್ಕೆ ಹೋಗದವನಿಗೆ ಮಗಳನ್ನ ಕೊಡಲ್ಲ ಅಂದಿದ್ರು ಅವಳಪ್ಪ" ಎಂದ. "ಹೊಡೆದ ಗುಂಡೆಲ್ಲ ನಡುಮಧ್ಯಕ್ಕೆ ಬೀಳ್ತಿದೆ ಅಂತ ಅವಳಿಗೆ ಪ್ರತಿ ವಾರ ಬರೀತಿದ್ದೆ. ಸುಳ್ಳು ಹೇಳಿ ಹೇಳಿ ನಾಚಿಕೆಯಾಗಿ, ನಿನ್ನೆ ಒಂದೇ ಒಂದ್ಸಲ ನಿಜ ಬರೆದೆ. ಗುರಿಹಲಗೆ ನನಗೆ ಕಾಣೋದೇ ಇಲ್ಲ, ಬೆಂಚಿನ ಮೇಲೆ ಕಾಯುವಾಗ ಪಟದ ಅಕ್ಷರ ಬಾಯಿಪಾಠ ಮಾಡಿ ಪಾಸಾದೆ ಅಂತ."

ಟಪಾಲಣ್ಣ ಅವನನ್ನೇ ನೋಡುತ್ತಿದ್ದ. "ನನ್ನನ್ನ ಒಳಗೆ ಹಾಕಿದಾಗ ಬಾಯಿ ಬಿಡಬೇಕು ಅನ್ನಿಸಲಿಲ್ಲವೇನಪ್ಪಾ?"

"ಅನ್ನಿಸ್ತು ಅಣ್ಣ. ಎರಡು ಸಲ ಉಗ್ರಾಣದ ತನಕ ಬಂದೆ. ಇವರೆಲ್ಲರ ಮುಂದೆ ಕುರುಡ ಅನ್ನಿಸಿಕೊಳ್ಳೋಕೆ ನಾಚಿಕೆಯಾಗಿ ವಾಪಸ್ ಹೋದೆ. ಈಗ ಅದಕ್ಕಿಂತ ದೊಡ್ಡ ನಾಚಿಕೆ ಆಗ್ತಿದೆ."

ಯಾರೂ ನಗಲಿಲ್ಲ. ಬೆಳಿಗ್ಗೆ ಮುತ್ತಿನ ತಮಾಷೆ ಮಾಡಿದವನು ನೆಲ ನೋಡುತ್ತಿದ್ದ.

"ಇವನಿಗೆ ಏನು ಶಿಕ್ಷೆ ಕೊಡಬೇಕು ಅಂತ ನನಗೆ ಗೊತ್ತು" ಎಂದರು ಮೇಜರ್.

"ಕೊಡಿ. ಆದ್ರೆ ಸಾಲಿನಲ್ಲಿ ಇವನ ಮುಂದೆ ನನ್ನನ್ನ ನಿಲ್ಲಿಸಿ" ಎಂದರು ಡಾಕ್ಟರು. "ಇವನ ಕಣ್ಣು ಸರಿಯಾಗಿದೆ ಅಂತ ಸಹಿ ಹಾಕಿದವನು ನಾನು. ಪರೀಕ್ಷೆಗೆ ಬಂದವರನ್ನ ಉತ್ತರದ ಕೆಳಗೇ ಕೂರಿಸಿ ಕಾಯಿಸೋ ಆಸ್ಪತ್ರೆ ನನ್ನದು."

ಮೇಜರ್ ಮೀಸೆ ತಿರುವಿದರು. ಕೊನೆಗೆ ಕವಿರಾಯ ಬಂದೂಕು ಒಪ್ಪಿಸಬೇಕು, ತಿಂಗಳು ಪೂರ್ತಿ ತೊಟ್ಟಿ ತಿಕ್ಕಿ ಊರಿಗೆ ಹೋಗಬೇಕು ಎಂದಾಯಿತು. ಟಪಾಲಣ್ಣನ ಕೈಹಿಡಿದು ಮೇಜರ್ ಎಲ್ಲರೆದುರು ತಪ್ಪಾಯಿತೆಂದರು. ಆ ಮಾತು ಅವರ ಬಾಯಿಂದ ಬರಲು ಸಾಕಷ್ಟು ತೊದಲಬೇಕಾಯಿತು.

"ಅವಳಿಗೆ ಈಗ ಏನಂತ ಬರೀಲಿ?" ಎಂದು ಕವಿರಾಯ ಯಾರನ್ನೂ ನೋಡದೆ ಕೇಳಿದ.

"ಕಣ್ಣು ಕಾಣಲ್ಲ ಅಂತ ಬರಿ" ಎಂದ ಟಪಾಲಣ್ಣ. "ನಿನ್ನ ಜೊತೆ ಓಡಾಡಿದವಳಿಗೆ ಅದು ಗೊತ್ತಿರದೇ ಇರುತ್ತಾ? ನೀನು ಬರೆಯಲಿ ಅಂತ ಕಾಯ್ತಿರ್ತಾಳೆ. ಬರಿ, ನಾನೇ ತಗೊಂಡು ಹೋಗ್ತೀನಿ."

ಡಾಕ್ಟರು ಅಷ್ಟೆಲ್ಲ ವಿವರಿಸಿದರೂ ಪಟ ತೂಗುಹಾಕಿದವನ, ಕೋಲು ಹಿಡಿದವನ ಮಾತೆತ್ತಲಿಲ್ಲ. ಬೈದಿದ್ದರೆ ಕಾಂಪೌಂಡರ್ ಸಹಿಸಿಕೊಳ್ಳುತ್ತಿದ್ದ. ಬೈಯದಿದ್ದುದೇ ಅವನನ್ನು ಸುಟ್ಟಿತು. ಕೋಲಿಗಿಂತ ಮೊದಲೇ ನುಡಿದವನು ಬಾಯಿಪಾಠ ಒಪ್ಪಿಸುತ್ತಿದ್ದಾನೆಂದು ಎಳೆಯ ಮಗುವಿಗೂ ಹೊಳೆಯಬೇಕಿತ್ತು. ಸಾಲು ಬೇಗ ಮುಗಿದರೆ ಸಾಕಾಗಿದ್ದ ತಾನು ಬೆನ್ನು ತಟ್ಟಿ ಕಳಿಸಿದ್ದ. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಓಣಿಯಲ್ಲಿ ಡಾಕ್ಟರು ತಾವೇ ಸ್ಟೂಲು ಹತ್ತಿ ಪಟ ಇಳಿಸಿದರು.

"ಇಲ್ಲಿಂದ ಯುದ್ಧಕ್ಕೆ ಹೋದ ತಂಡಗಳಿಗೂ ಇದೇ ಪಟವಾ?"

"ಇದೇ ಸಾರ್."

"ಇದೇ ಬೆಂಚಾ?"

"ಹೌದು ಸಾರ್."

"ಕೋಲಿಗಿಂತ ಮುಂಚೆ ಓದಿದವರು ಅವರಲ್ಲೂ ಇದ್ರಾ?"

ಇಲ್ಲ ಎಂದರೆ ಡಾಕ್ಟರು ನಂಬುತ್ತಿದ್ದರು. ನಾಲಿಗೆಯ ತುದಿಗೆ ಬಂದಿದ್ದ ಮಾತನ್ನು ಕಾಂಪೌಂಡರ್ ನುಂಗಿಕೊಂಡ.

"ಇದ್ರು ಸಾರ್, ಮೂರ್ನಾಲ್ಕು ಜನ. ಯಾರು ಅಂತ ಹೇಳಲಾರೆ. ನಾನು ಅವರ ಮುಖ ನೋಡಿರಲಿಲ್ಲ."

ಡಾಕ್ಟರು ಮೇಜಿನ ಮೇಲೆ ಹಾಳೆ ಇಟ್ಟು ಕುರ್ಚಿ ಎಳೆದರು. "ಕೂತ್ಕೋ. ಎಲ್ಲರ ಕಣ್ಣನ್ನೂ ಮತ್ತೆ ನೋಡಿ ಅಂತ ಮುಂಚೂಣಿಗೆ ಬರಿ. ಯಾಕೆ ಅಂತಲೂ ಬರಿ. ನಿನ್ನ ಸಹಿ ಕೆಳಗೆ ನನ್ನದೂ ಇರುತ್ತೆ."

ಕಾಂಪೌಂಡರ್ ಬರೆಯಲು ಕೂತ. ಇಲ್ಲಿಂದ ಮುಂಚೂಣಿಗೆ ಕಾಗದ ಮುಟ್ಟಲು ವಾರ ಹಿಡಿಯುತ್ತಿತ್ತು. ಕೊನೆಯ ತಂಡ ಹೋಗಿ ಆಗಲೇ ತಿಂಗಳು ಕಳೆದಿತ್ತು.