ಸುಣ್ಣದ ಗೋಡೆಯ ಮೇಲೊಂದು ಕಲೆ

ಶುಕ್ರವಾರ ಬೆಳಗ್ಗೆ ಆರೂವರೆಗೆ ಫ್ಲೋರಾ ತಲೆಗೂದಲನ್ನೂ ಕಟ್ಟಿಕೊಳ್ಳದೆ ಝಂಬೇತಾಳ ಅಡುಗೆಮನೆಗೆ ನುಗ್ಗಿದಳು. ಅವಳ ಹಿಂದೆಯೇ ಏದುಸಿರು ಬಿಡುತ್ತಾ ಮರೂಸಾ ಬಂದಳು.

"ಝಂಬೇತಕ್ಕ, ನನ್ನ ಗತಿ ಮುಗೀತು! ಗೋಡೆ ಮೇಲೆ ಇಷ್ಟಗಲ ಕಲೆ. ಸಂಜೆ ಐದಕ್ಕೆ ಮನೆ ನೋಡೋರು ಬರ್ತಾರೆ."

"ಮೊದಲು ಕೂತ್ಕೋ. ಕೂತು ಅತ್ತರೂ ಕಣ್ಣೀರು ಅಷ್ಟೇ ಬರುತ್ತೆ," ಅಂದಳು ಝಂಬೇತಾ.

ಮೂವತ್ತು ವರ್ಷ ಸೀರೋಸ್ ದ್ವೀಪದ ಅಂಚೆ ಕಚೇರಿಯಲ್ಲಿ ಕೂತಿದ್ದವಳು ಝಂಬೇತಾ. ವಿಳಾಸವಿಲ್ಲದ ಕಾಗದಗಳನ್ನೂ ಸರಿಯಾದ ಬಾಗಿಲಿಗೆ ಮುಟ್ಟಿಸಿದ್ದಳು. ನಿವೃತ್ತಿಯಾದ ಮೇಲೆ ಗುಡ್ಡದ ಮೇಲಿನ ಊರಿನಲ್ಲಿ ಏನು ಕಳೆದರೂ, ಯಾರಿಗೆ ಯಾರ ಮೇಲೆ ಅನುಮಾನ ಬಂದರೂ ಜನ ಅವಳ ಬಾಗಿಲಿಗೇ ಬರುತ್ತಿದ್ದರು. ಅಂಥ ಹೊತ್ತಿನಲ್ಲೆಲ್ಲ ಮರೂಸಾ ಅವಳ ಜೊತೆಗಿರುತ್ತಿದ್ದಳು. ಅವಳು ಹೆಚ್ಚು ಮಾತಾಡುವವಳಲ್ಲ. ಆದರೆ ಯಾರ ಕೈ ನಡುಗುತ್ತಿದೆ, ಯಾರು ಊಟ ಮಾಡಿಲ್ಲ ಎಂಬುದು ಅವಳಿಗೆ ಮೊದಲು ಕಾಣುತ್ತಿತ್ತು.

ಫ್ಲೋರಾಳ ಆತಂಕ ಸುಮ್ಮನೆ ಹುಟ್ಟಿದ್ದಲ್ಲ. ಅವಳ ಗಂಡ ಲಿನಾರ್ದೋಸ್ ಹದಿನೇಳನೇ ವಯಸ್ಸಿನಿಂದ ಹಡಗಿನ ಯಂತ್ರದ ಕೋಣೆಯಲ್ಲಿ ದುಡಿದವನು. ಎರಡು ವರ್ಷದ ಹಿಂದೆ ಹಡಗಿನ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ. ಅವನ ಮನೆಯಿಂದ ಬಂದರಿನ ದಾರಿಗೆ ಇನ್ನೂರ ಹನ್ನೆರಡು ಮೆಟ್ಟಿಲು. ಅವನು ಬಿದ್ದಮೇಲೆ ಒಮ್ಮೆಯೂ ಇಳಿದಿರಲಿಲ್ಲ. ಕೆಳಗೆ ಬಂದರಿನ ಬಳಿ ಒಂದು ಮನೆ ಮಾರಾಟಕ್ಕಿತ್ತು: ಎರಡೇ ಕೋಣೆ, ಬಾಗಿಲು ರಸ್ತೆಯ ಮಟ್ಟಕ್ಕೇ. ಅದರ ಯಜಮಾನ ಶನಿವಾರ ಮಧ್ಯಾಹ್ನದವರೆಗೆ ಮಾತ್ರ ಕಾಯುತ್ತೇನೆ ಎಂದಿದ್ದ. ಇವತ್ತು ತಮ್ಮ ಮನೆಯ ಮಾರಾಟ ಕುದುರದಿದ್ದರೆ ಅದು ಕೈಬಿಟ್ಟ ಹಾಗೆ.

ಖರ್ಚು ಮಾಡುವ ಶಕ್ತಿಯಿಲ್ಲದ ಫ್ಲೋರಾ ಕೈಯಲ್ಲಾದದ್ದನ್ನೆಲ್ಲ ಮಾಡಿದ್ದಳು. ದೋಣಿಗೆ ಬಳಿದು ಉಳಿದ ನೀಲಿ ಬಣ್ಣವನ್ನು ಕಿಟಕಿಗೆ ಹಚ್ಚಿದಳು. ಬಾಗಿಲ ಕೀಲಿಗೆ ಎಣ್ಣೆ ಬಿಟ್ಟಳು. ಅರ್ಧ ಸಾಮಾನನ್ನು ಮರೂಸಾಳ ಮನೆಗೆ ಸಾಗಿಸಿ ಕೋಣೆ ದೊಡ್ಡದಾಗಿ ಕಾಣುವಂತೆ ಮಾಡಿದಳು. ಗುರುವಾರ ಮಧ್ಯಾಹ್ನ ನಾಲ್ಕಕ್ಕೆ ಮುಂಗೋಣೆಗೆ ಸುಣ್ಣ ಬಳಿದು ಮುಗಿಸಿ, ರಾತ್ರಿಗೆ ಗಂಡನ ಜೊತೆ ಎದುರು ಮನೆಗೆ, ಮರೂಸಾಳಲ್ಲಿಗೆ ಹೋಗಿದ್ದಳು.

ಮೂವರೂ ಹೋಗಿ ಗೋಡೆ ನೋಡಿದರು. ಸೂರಿನ ಕೆಳಗೆ ಊಟದ ಹರಿವಾಣದಷ್ಟು ಅಗಲದ ಕಂದು ಕಲೆ. ಅದರಿಂದ ಮೂರು ಗೆರೆ ಇಳಿದಿದ್ದವು. ಯಾರು ನೋಡಿದರೂ ಸೂರು ಸೋರುತ್ತಿದೆ ಎನ್ನಬೇಕು.

"ಮೇಲಿನ ಕಲೊಮೀರಾ ಕೆಲಸ ಇದು," ಅಂದಳು ಫ್ಲೋರಾ. "ನಮ್ಮ ಸೂರೇ ಅವಳ ಅಂಗಳ. ನಿನ್ನೆ ಸಂಜೆ ಗಿಡಕ್ಕೆ ನೀರು ಹಾಕ್ತಿದ್ಲು. ಬೆಳಗ್ಗೆ ಬೀದಿಯಲ್ಲೇ ಬೈದುಬಿಟ್ಟೆ. ನಾವು ಹೋಗೋದು ಅವಳಿಗೆ ಇಷ್ಟ ಇಲ್ಲ."

"ಈಗ ಇನ್ನೊಂದು ಕೈ ಸುಣ್ಣ ಬಳಿದರೆ?" ಮರೂಸಾ ಕೇಳಿದಳು.

"ಐದು ಗಂಟೆಗೆ ಒದ್ದೆ ಬೂದಿ ಥರ ಕಾಣುತ್ತೆ, ಮರೂಸಮ್ಮ. ನಾಳೆ ಬೆಳಗ್ಗೆವರೆಗೂ ಕಲೆ ಮುಚ್ಚಲ್ಲ."

ಝಂಬೇತಾ ಕುರ್ಚಿ ಹತ್ತಿ ಒದ್ದೆ ಬಟ್ಟೆಯಿಂದ ಕಲೆಯನ್ನು ಬಲವಾಗಿ ಉಜ್ಜಿದಳು. ಬಟ್ಟೆಗೆ ಬಣ್ಣ ಹತ್ತಲಿಲ್ಲ. ಇಳಿದು ಗೋಡೆಗೆ ಕೆನ್ನೆ ತಾಗುವಷ್ಟು ಹತ್ತಿರ ನಿಂತಳು. ಭುಜದ ಎತ್ತರದಲ್ಲಿ ಸುಣ್ಣ ಒಂದೆಡೆ ಅದುಮಿದಂತಿತ್ತು: ಐದು ಬೆರಳು, ಒಂದು ಅಂಗೈ, ಎಡಗೈಯದು. ಹಿತ್ತಲಲ್ಲಿ ಉದ್ದನೆಯ ಬಿದಿರುಕಡ್ಡಿಗೆ ಕಟ್ಟಿದ ಸುಣ್ಣದ ಕುಂಚ ಬಕೆಟ್ಟಿನ ನೀರಿನಲ್ಲಿ ನಿಂತಿತ್ತು. ಆ ನೀರು ಬಿಳಿಯಾಗಿರದೆ ಮಣ್ಣುಬಣ್ಣಕ್ಕೆ ತಿರುಗಿತ್ತು.

"ಬಾಗಿಲಿಗೆ ಬೀಗ ಹಾಕಿದ್ಯಾ?" ಝಂಬೇತಾ ಕೇಳಿದಳು.

"ಕೀಲಿ ಹೊರಗಡೆನೇ ಇತ್ತು. ಈ ಊರಲ್ಲಿ ಕೀಲಿ ಯಾರು ತೆಗೀತಾರೆ?"

ಅಲ್ಲಿಂದ ಅವರು ಕಲೊಮೀರಾಳ ಅಂಗಳಕ್ಕೆ ಹತ್ತಿದರು. ಹೂಕುಂಡಗಳಿದ್ದದ್ದು ಆ ಕಡೆಯ ಅಂಚಿನಲ್ಲಿ. ಫ್ಲೋರಾಳ ಗೋಡೆಯ ಮೇಲಿನ ನೆಲದಲ್ಲಿ ಧೂಳು ಒಣಗಿ ಕೂತಿತ್ತು. ಕಲೊಮೀರಾಳ ಕಣ್ಣು ಊದಿಕೊಂಡಿತ್ತು.

"ಎರಡು ವರ್ಷ ಲಿನಾರ್ದೋಸ್‌ಗೆ ಬ್ರೆಡ್ಡು ತಂದುಕೊಟ್ಟಿದ್ದು ಈ ಕಾಲೇ," ಅಂದಳು. "ಹೋಗಬೇಡಿ ಅಂತ ಅನ್ನಿಸಿದ್ದು ನಿಜ. ಅನ್ನಿಸಿದ್ದಕ್ಕೆಲ್ಲ ಶಿಕ್ಷೆ ಕೊಡೋದಾದ್ರೆ ಈ ಬೀದೀಲಿ ಯಾರೂ ಉಳಿಯಲ್ಲ."

ಮನೆ ದಲ್ಲಾಳಿ ಸ್ತ್ರಾತಿಸ್ ಅಥೆನ್ಸಿನಿಂದ ಬಂದು ನೆಲೆಸಿದವನು. ಬೆಲೆ ಇಳಿದರೆ ಬೇಗ ಕುದುರುತ್ತದೆ ಎಂದು ಅವನು ಹಿಂದೆ ಎರಡು ಸಲ ಹೇಳಿದ್ದು ಮರೂಸಾಳಿಗೆ ನೆನಪಿತ್ತು. ಹತ್ತು ಗಂಟೆಗೆ ಅವನೇ ಬಂದ.

"ನಿನ್ನೆ ಐದೂವರೆಗೆ ಬಾಗಿಲು ತೆರೆದು ಇಣುಕಿದೆ. ಕಲೆ ಇರಲಿಲ್ಲ. ಆದ್ರೆ ಬೇಜಾರು ಮಾಡ್ಕೋಬೇಡಿ, ಗೋಡೆ ಬೂದುಬೂದಾಗಿತ್ತು. ಸುಣ್ಣಕ್ಕೆ ನೀರು ಜಾಸ್ತಿ ಆಯ್ತೇನೋ ಅಂದ್ಕೊಂಡೆ."

ಫ್ಲೋರಾ ಅಂಥ ಹೊತ್ತಿನಲ್ಲೂ ಮೂಗು ಮುರಿದಳು. "ಪಟ್ಟಣದವನಿಗೆ ಸುಣ್ಣ ಕಂಡಿದ್ದೆಲ್ಲಿ!"

ಕೊನೆಗೆ ಎದುರು ಮನೆಗೆ ಹೋದರು. ಲಿನಾರ್ದೋಸ್ ಮೇಜಿನ ಮುಂದೆ ಕೂತು ಒಣ ಬ್ರೆಡ್ಡನ್ನು ಒಂದೇ ಕೈಯಲ್ಲಿ ಮೇಜಿನ ಅಂಚಿಗೆ ಕುಟ್ಟಿ ಮುರಿಯುತ್ತಿದ್ದ. ಇನ್ನೊಂದು ಕೈ ಜೇಬಿನಲ್ಲಿತ್ತು.

"ನಾನೂ ನಿನ್ನೆ ನೋಡಿದೆ, ಝಂಬೇತಾ. ನೀವು ಹೆಂಗಸರು ಬಾಗಿಲ ಹಿಡಿ ತರೋಕೆ ಬಂದರಿಗೆ ಹೋಗಿದ್ರಲ್ಲ, ಆರಕ್ಕೆ? ಏಳರ ಹೊತ್ತಿಗೆ ಕೋಲು ಊರಿಕೊಂಡು ಬಾಗಿಲವರೆಗೂ ಹೋದೆ. ಹಾಲಿನ ಹಾಗೆ ಬೆಳ್ಳಗಿತ್ತು ಗೋಡೆ. ಕಲೆಗಿಲೆ ಏನೂ ಇರಲಿಲ್ಲ. ರಾತ್ರಿ ಬಿದ್ದಿರಬೇಕು."

"ಹೌದಾ," ಅಂದಳು ಝಂಬೇತಾ. "ಒಂದು ಕಾಫಿ ಮಾಡೇ ಮರೂಸಾ."

ಮರೂಸಾ ಕಾಫಿಪುಡಿಯ ಡಬ್ಬಿ ತೆರೆದಳು. ಬುಧವಾರ ತುಂಬಿಸಿದ್ದ ಡಬ್ಬಿಯ ತಳ ಕಾಣುತ್ತಿತ್ತು. ಬೆಳಗ್ಗೆಯೇ ಅದನ್ನು ಕಂಡು, ಪಾಪ, ಲಿನಾರ್ದೋಸ್ ಚಿಂತೆಯಲ್ಲಿ ಕುಡಿದಿರಬೇಕು ಎಂದುಕೊಂಡು ಸುಮ್ಮನಾಗಿದ್ದಳು. ಈಗ ಚಮಚ ಹಿಡಿದ ಅವಳ ಕೈ ನಿಂತಿತು. ಬೇಡ, ಇದು ಬೇರೆ ಏನಾದರೂ ಆಗಿರಲಿ ಎಂದು ಅವಳ ಮನಸ್ಸು ಹೊಯ್ದಾಡಿತು. ತಿರುಗಿದರೆ ಝಂಬೇತಾ ಅವಳನ್ನೇ ನೋಡುತ್ತಿದ್ದಳು.

ಹೊರಗೆ ಬಂದ ಮೇಲೆ ಮರೂಸಾ ಪಿಸುಗುಟ್ಟಿದಳು, "ಎಲ್ಲರೆದುರು ಹೇಳಲೇಬೇಕಾ?"

"ಕಲೊಮೀರಾನ ಬೈದಿದ್ದು ಎಲ್ಲರೆದುರೇ ಅಲ್ವಾ," ಅಂದಳು ಝಂಬೇತಾ.

ನಾಲ್ಕು ಗಂಟೆಗೆ ಎಲ್ಲರೂ ಆ ಗೋಡೆಯ ಮುಂದೆ ಸೇರಿದರು. ಫ್ಲೋರಾ ನಿಮಿಷಕ್ಕೊಮ್ಮೆ ಬೀದಿಯ ಕಡೆ ನೋಡುತ್ತಿದ್ದಳು. ಕಲೊಮೀರಾ ಬಾಗಿಲ ಬಳಿಯೇ ನಿಂತಳು. ಸ್ತ್ರಾತಿಸ್ ಗಡಿಯಾರ ನೋಡಿಕೊಂಡ. ಲಿನಾರ್ದೋಸ್ ಕುರ್ಚಿಯಲ್ಲಿ ಕೂತಿದ್ದ.

"ಯಾರಿಗಾದ್ರೂ ಮೊದಲೇ ಏನಾದ್ರೂ ಹೇಳೋದಿದೆಯಾ?" ಝಂಬೇತಾ ಕೇಳಿದಳು. ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು.

"ಸರಿ. ಇದು ಸೋರಿದ್ದಲ್ಲ. ಮೇಲಿನ ನೆಲ ಒಣಗಿದೆ. ಕಲೊಮೀರಾ ನೀರು ಹಾಕಿದ್ದು ಆ ಅಂಚಿಗೆ. ಕುಂಚ ಅದ್ದಿದ್ದ ನೀರು ಕಂದಾಗಿದೆ, ಅಂದರೆ ಯಾರೋ ಬಳಿದಿದ್ದಾರೆ. ಯಾವಾಗ? ಒಣಗಿದ ಸುಣ್ಣದ ಮೇಲೆ ಬಳಿದಿದ್ರೆ ಉಜ್ಜಿದಾಗ ಬಟ್ಟೆಗೆ ಹತ್ತಬೇಕಿತ್ತು. ಹತ್ತಲಿಲ್ಲ. ಬಣ್ಣ ಒಳಗಿಳಿದು ಸುಣ್ಣದ ಜೊತೆಗೇ ಗಟ್ಟಿಯಾಗಿದೆ. ಅಂದರೆ ಗೋಡೆ ಹಸಿ ಇದ್ದಾಗಲೇ, ನಿನ್ನೆ ಸಂಜೆಯೇ ಬಳಿದದ್ದು."

"ಐದೂವರೆಗೆ ನಾನೇ ಬಂದಿದ್ದೆ," ಅಂದ ಸ್ತ್ರಾತಿಸ್.

"ಬಂದು, ಕಂಡದ್ದನ್ನೇ ಹೇಳಿದೆ. ಹಸಿ ಸುಣ್ಣ ಬೂದಾಗೇ ಕಾಣುತ್ತೆ, ಮಾರನೇ ದಿನ ಒಣಗಿದ ಮೇಲೆ ಬೆಳ್ಳಗಾಗುತ್ತೆ. ನಿನಗದು ಗೊತ್ತಿರಲಿಲ್ಲ, ಅದಕ್ಕೇ ನಿನ್ನ ಮಾತು ನಂಬಿದೆ. ಈಸ್ಟರ್‌ಗೆ ಮುಂಚೆ ಪ್ರತಿ ವರ್ಷ ಸುಣ್ಣ ಬಳಿಯೋ ಹೆಂಗಸರಿಗೆಲ್ಲ ಅದು ಗೊತ್ತು. ಗೊತ್ತಿಲ್ಲದವನು ಇನ್ನೊಬ್ಬ ಇದ್ದಾನೆ. ಹಬ್ಬಕ್ಕೆ ಹಡಗಿನಿಂದ ಬಂದಾಗೆಲ್ಲ ಅವನು ಕಂಡದ್ದು ಒಣಗಿ ಬೆಳ್ಳಗಾದ ಗೋಡೆಗಳನ್ನೇ. ಸುಳ್ಳು ಹೇಳುವಾಗ ತಾನು ಕಂಡ ಗೋಡೆ ಬಿಟ್ಟು, ಇರಬೇಕಾದ ಗೋಡೆಯ ಬಣ್ಣ ಹೇಳಿದ."

ಫ್ಲೋರಾ ನಿಧಾನವಾಗಿ ಗಂಡನ ಕಡೆ ತಿರುಗಿದಳು.

"ಕೋಲು ಪಕ್ಕಕ್ಕಿಟ್ಟು, ಎಡಗೈ ಗೋಡೆಗೆ ಊರಿ, ಬಲಗೈಯಲ್ಲಿ ನೀನು ಕುಂಚ ಎತ್ತಿದೆ," ಅಂದಳು ಝಂಬೇತಾ. " ಮರೂಸಾಳ ಕಾಫಿಪುಡಿ ಕಲಸಿದ್ದೆ. ಹಸಿ ಸುಣ್ಣ ಚರ್ಮ ಸುಡುತ್ತೆ, ಲಿನಾರ್ದೋಸ್. ಆ ಕೈಗೆ ಎಣ್ಣೆ ಹಚ್ಚಿದೆಯಾ ಇಲ್ವಾ?"

ಲಿನಾರ್ದೋಸ್ ಜೇಬಿನಿಂದ ಎಡಗೈ ತೆಗೆದು ತೊಡೆಯ ಮೇಲಿಟ್ಟ. ಅಂಗೈ ಕೆಂಪಾಗಿ ಸುಲಿದಿತ್ತು.

"ಯಾಕೆ?" ಫ್ಲೋರಾ ಕೇಳಿದಳು.

"ಈ ಮನೆ ನಿನ್ನ ಅಜ್ಜಿಯಿಂದ ನಿನ್ನಮ್ಮನಿಗೆ, ಅವಳಿಂದ ನಿನಗೆ ಬಂತು. ನಾಳೆ ನಮ್ಮ ಮಗಳು ಜೂಲಿಯಾಗೆ ಹೋಗಬೇಕು. ನಾನು ಮದುವೆಯಾಗಿ ಈ ಮನೆಗೆ ಬಂದವನು. ಒಂದು ಮುರಿದ ಸೊಂಟಕ್ಕಾಗಿ ಹೆಂಗಸರ ಮನೆ ಮಾರಿಸಿದವ ಅನ್ನಿಸ್ಕೊಳ್ಳೋಕೆ ನನ್ನಿಂದಾಗಲ್ಲ. ಬೇಡ ಅಂತ ಬಾಯಿಬಿಟ್ಟು ಹೇಳಿದ್ರೆ ನೀನು ಕೇಳ್ತಿರಲಿಲ್ಲ. ಬಂದೋರು ತಾವಾಗೇ ವಾಪಸ್ ಹೋದರೆ..." ಅವನು ಕಲೊಮೀರಾಳತ್ತ ನೋಡಿದ. "ನಿನ್ನ ಮೇಲೆ ಬರುತ್ತೆ ಅಂತ ಹೊಳೀಲೇ ಇಲ್ಲಮ್ಮ. ಬೆಳಗ್ಗೆ ಬೈದಾಗ ಹೇಳೋ ಧೈರ್ಯ ಬರಲಿಲ್ಲ. ತಪ್ಪಾಯ್ತು."

"ಬ್ರೆಡ್ಡಿನ ಜೊತೆ ಬುದ್ಧೀನೂ ತಂದುಕೊಡಬೇಕಿತ್ತು," ಅಂದಳು ಕಲೊಮೀರಾ, ಮೂಗು ಒರೆಸಿಕೊಳ್ಳುತ್ತಾ. ಫ್ಲೋರಾ ಹೋಗಿ ಅವಳ ಕೈ ಹಿಡಿದುಕೊಂಡಳು. ಆಮೇಲೆ ಗಂಡನ ಮುಂದೆ ಬಂದು ನಿಂತಳು.

"ಅಜ್ಜಿ ಈ ಮನೆ ಕೊಟ್ಟಿದ್ದು ಸಮುದ್ರದಿಂದ ಬರೋನಿಗೆ ಒಂದು ಬಾಗಿಲಿರಲಿ ಅಂತ. ಆ ಬಾಗಿಲು ದಾಟಿ ಆಚೆ ಹೋಗೋಕೆ ನಿನಗೆ ಆಗದಿದ್ರೆ ಅದು ಬಾಗಿಲಾ? ಅದೂ ಒಂದು ಗೋಡೆ. ಜೂಲಿಯಾನ ಕೇಳಿದೀಯಾ? ನಾನು ಕೇಳಿದೀನಿ. 'ಅಪ್ಪ ಬಂದರಿನಲ್ಲಿ ಕೂತು ಕಾಫಿ ಕುಡೀತಿರೋ ಫೋಟೋ ಕಳಿಸು' ಅಂದ್ಲು."

ಐದಕ್ಕೆ ಮನೆ ನೋಡಲು ಪಾತ್ರಾ ಊರಿನ ಮೇಷ್ಟರೂ ಅವರ ಹೆಂಡತಿಯೂ ಬಂದರು. ಸ್ತ್ರಾತಿಸ್ ಕಲೆಗೆ ಅಡ್ಡವಾಗಿ ನಿಲ್ಲಲು ನೋಡಿದ. ಲಿನಾರ್ದೋಸ್ ಅವನನ್ನು ಕೋಲಿನಿಂದ ಮೆಲ್ಲಗೆ ಸರಿಸಿದ.

"ಅದು ಸೋರಿದ್ದಲ್ಲ ಮೇಷ್ಟ್ರೇ. ಈ ಮನೆ ಮಾರಬಾರದು ಅಂತ ನಾನೇ ಬಳಿದ ಕಾಫಿ. ಮೇಲೆ ಹೋಗಿ ನೋಡಿ. ಕಲೊಮೀರಾ ತೋರಿಸ್ತಾಳೆ."

ಅವರು ಮೇಲೆ ಹೋದರು. ಆ ಹತ್ತು ನಿಮಿಷ ಕೆಳಗಿದ್ದವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮೊದಲು ಇಳಿದು ಬಂದದ್ದು ಮೇಷ್ಟರ ಹೆಂಡತಿ.

"ಬಿಟ್ಟು ಹೋಗೋಕೆ ಇಷ್ಟು ಕಷ್ಟ ಆಗೋ ಮನೇಲಿ ನಮಗೂ ಇರಬೇಕು ಅನ್ನಿಸ್ತಿದೆ," ಅಂದಳು. "ಮತ್ತೊಂದು ಸಲ ಸುಣ್ಣ ಬಳಿದುಕೊಡಿ, ಅಷ್ಟು ಸಾಕು."

ಫ್ಲೋರಾ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

"ಏಳೇ," ಅಂದ ಲಿನಾರ್ದೋಸ್. "ಆ ಕೆಳಗಿನ ಮನೆ ನೋಡದೆ ನಾನು ಹೂಂ ಅನ್ನಲ್ಲ. ಬೆಳಕಿರೋವಾಗಲೇ ಹೋಗೋಣ."

"ಇಬ್ಬರು ಗಂಡಸರನ್ನ ಕರೀತೀನಿ, ಕುರ್ಚಿ ಸಮೇತ ಎತ್ತಿಕೊಂಡು ಹೋಗ್ತಾರೆ," ಅಂದಳು ಫ್ಲೋರಾ.

"ಮೆರವಣಿಗೆ ಬೇಡ."

ಅವನು ಕೋಲನ್ನು ಹೆಂಡತಿಗೆ ಕೊಟ್ಟು ಮೊದಲ ಮೆಟ್ಟಿಲ ಮೇಲೆ ಕೂತ. ಪುಟ್ಟ ಮಕ್ಕಳು ಇಳಿಯುವಂತೆ ಕೂತಲ್ಲೇ ಜಾರಿ ಎರಡನೆಯದಕ್ಕೆ ಇಳಿದ, ಮತ್ತೆ ಮೂರನೆಯದಕ್ಕೆ. ಫ್ಲೋರಾ ಒಂದು ಮೆಟ್ಟಿಲು ಮುಂದೆ ಹಿಮ್ಮುಖವಾಗಿ ಇಳಿಯುತ್ತಿದ್ದಳು. ಬೀದಿಯುದ್ದಕ್ಕೂ ಬಾಗಿಲುಗಳು ತೆರೆದಿದ್ದವು, ಜನ ಹೊಸ್ತಿಲಲ್ಲಿ ನಿಂತಿದ್ದರು. ಅವನು ಹತ್ತಿರ ಬರುತ್ತಿದ್ದಂತೆ ಒಬ್ಬಳು ತಟ್ಟನೆ ಒಣಗಿದ ಬಟ್ಟೆ ಮಡಚತೊಡಗಿದಳು. ಒಬ್ಬ ಮುದುಕ ಕನ್ನಡಕ ತೆಗೆದು ಒರೆಸುತ್ತಾ ನಿಂತ. ಇನ್ನೊಬ್ಬಳು ಬೆಕ್ಕನ್ನು ಕರೆಯುತ್ತಾ ಒಳಗೆ ಹೋದಳು. ಅವಳ ಮನೆಯಲ್ಲಿ ಬೆಕ್ಕೇ ಇರಲಿಲ್ಲ.

ಮರೂಸಾಳೂ ಗೋಡೆಯ ಕಡೆ ಮುಖ ತಿರುಗಿಸಿ ನಿಂತಳು. ಅವನು ತೊಂಬತ್ತನೆಯ ಮೆಟ್ಟಿಲ ತಿರುವು ದಾಟಿದ ಸದ್ದು ಕೇಳುವವರೆಗೆ ಆ ಬೀದಿಯಲ್ಲಿ ಯಾರೂ ಅವನನ್ನು ನೋಡಲಿಲ್ಲ.