ಪರದೆಯಾಚೆಯ ತೋಳು

ಗೋಡೆಯ ಕಿಂಡಿಯಿಂದ ಒಂದು ತೋಳು ಒಳಗೆ ಬಂತು.

ಮುಖವಿಲ್ಲ, ಮಾತಿಲ್ಲ. ಬರೀ ತೋಳು... ಕಪ್ಪು ಪರದೆಯನ್ನು ಸರಿಸಿಕೊಂಡು ಬಂದು ಮೇಜಿನ ಮೇಲೆ ಅಂಗಾತ ಬಿತ್ತು.

ಊರಿಗಿದ್ದ ಆ ಒಂದೇ ಪ್ರಯೋಗಾಲಯದ ಪದ್ಧತಿಯೇ ಹಾಗೆ. ಲೈಂಗಿಕ ರೋಗಗಳ ಪರೀಕ್ಷೆಗೆ ಬರುವವರು ನಾಚಿಕೊಂಡು ವಾಪಸ್ ಹೋಗಬಾರದೆಂದು ನೆಲಮಾಳಿಗೆಯಲ್ಲಿ ಈ ಕಿಂಡಿ ಮಾಡಿದ್ದರು. ಚೀಟಿಯಲ್ಲಿ ತೋಚಿದ ಹೆಸರು ಬರೆದರೆ ಸಾಕು. ರಕ್ತ ತೆಗೆಯುವವರು ಏನನ್ನೂ ಕೇಳುವಂತಿಲ್ಲ. ದಿನವೂ ಮೇಲಿನ ಮಹಡಿಯಲ್ಲಿ ರಕ್ತ ತೆಗೆಯುವ ಅವಳು, ಕಿಂಡಿಯ ಬಳಿ ಕೂರುವ ಹಿರಿಯ ನರ್ಸ್ ಅಕ್ಕನಿಗೆ ಜ್ವರವೆಂದು ಇವತ್ತಷ್ಟೇ ಕೆಳಗಿಳಿದಿದ್ದಳು.

ಹೊರಗೆ ಮಟಮಟ ಮಧ್ಯಾಹ್ನ. ಇಲ್ಲಿ ಮಾತ್ರ ಮಬ್ಬು ಬೆಳಕು, ಯಾರೋ ನರಳಿದಂತೆ ಫ್ರಿಜ್ಜಿನ ಸದ್ದು.

ಹತ್ತಿ ಒತ್ತಿದಳು. ಗ್ಲೌಸ್ ಹಾಕಿದ್ದರೂ ಆ ತೋಳಿನ ತಣ್ಣಗಿನ ಚರ್ಮ ಅವಳಿಗೆ ತಿಳಿಯಿತು. ಉಗುರುಗಳ ಸಂದಿಯಲ್ಲಿ ಪೇಂಟು... ಮನುಷ್ಯರ ಮೈಬಣ್ಣದ ಪೇಂಟು!

ಅವಳ ಎದೆ ಧಸಕ್ಕೆಂದಿತು.

ಬಟ್ಟೆ ಅಂಗಡಿಯ ಗೊಂಬೆಗಳಿಗೆ ಮೈಬಣ್ಣ ಬಳಿಯುವವನು ಊರಿಗೆಲ್ಲ ಒಬ್ಬನೇ. ಇನ್ನು ಇಪ್ಪತ್ತು ದಿನಕ್ಕೆ ಅವಳ ಕೈ ಹಿಡಿಯಬೇಕಾದವನು! ಚೀಟಿ ನೋಡಿದಳು. 'ಸೂಜಿ' ಎಂದಿತ್ತು. ಅದು ಅವನು ಅವಳನ್ನು ಕೀಟಲೆಗೆ ಕರೆಯುವ ಹೆಸರು.

'ಇವನಿಗೆ ಇಲ್ಲೇನು ಕೆಲಸ? ಯಾರ ಜೊತೆ...?'

ಬಾಯಿಗೆ ಬಂದದ್ದನ್ನು ನುಂಗಿಕೊಂಡು ರಕ್ತ ತೆಗೆದಳು. ತೋಳು ಸದ್ದಿಲ್ಲದೆ ಪರದೆಯಾಚೆ ಸರಿದುಹೋಯಿತು.

ಸಂಶಯದ ಪಿಶಾಚಿ ಹೊಕ್ಕ ಮೇಲೆ ನೆಮ್ಮದಿ ಎಲ್ಲಿಂದ ಬರಬೇಕು? ಊಟಕ್ಕೆ ಕೂತಾಗ ಅತ್ತಿಗೆ ಬಡಿಸಲು ಕೈ ಚಾಚಿದರೂ ಬೆಚ್ಚಿಬಿದ್ದಳು.

"ಏನೇ, ದೆವ್ವ ಬಡಿದೋರ ಥರ ಆಡ್ತೀಯಲ್ಲ! ಮದುವೆ ಹೆಣ್ಣು ನೀನು!"

ಫಲಿತಾಂಶವನ್ನು ಕದ್ದು ನೋಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳು ನೋಡಲಿಲ್ಲ. ಮೂರನೆಯ ದಿನ ನೇರವಾಗಿ ಅವನ ಕಾರ್ಖಾನೆಗೇ ಹೋದಳು.

ಸಾಲಾಗಿ ತಲೆಯಿಲ್ಲದ ಗೊಂಬೆಗಳು. ತಂತಿಗೆ ನೇತುಹಾಕಿದ್ದ ಬಿಡಿ ಕೈಗಳು ಗಾಳಿಗೆ ಒಂದಕ್ಕೊಂದು ತಾಗಿ ಟಕಟಕ ಎನ್ನುತ್ತಿದ್ದವು. ನಡುವೆ ಕೂತಿದ್ದ ಒಂದು ಗೊಂಬೆ ತಲೆಯೆತ್ತಿತು... ಅವಳು ಕಿರುಚಿಯೇಬಿಟ್ಟಳು!

ಅದು ಅವನು. ಮಡಿಲಲ್ಲಿ ಒಡೆಯದ ಲಕೋಟೆ.

"ಮೊನ್ನೆ ಕಿಂಡಿಯಲ್ಲಿ ರಕ್ತ ತೆಗೆದಿದ್ದು ನಾನು," ಎಂದಳು.

ಅವನ ಮುಖ ಬಿಳಿಚಿಕೊಂಡಿತು. "ನೀನಾ...? ನೀನು ಮೇಲಿನ ಮಹಡಿಯಲ್ಲಿ ಇರೋದಲ್ವಾ!"

"ಯಾರವಳು?"

"ನಿನಗಿಂತ ಮುಂಚೆ ಒಬ್ಬಳಿದ್ದಳು. ಬಿಟ್ಟು ಎರಡು ವರ್ಷ ಆಯ್ತು. ನೀನು ಬಂದ್ಮೇಲೆ ಯಾರೂ ಇಲ್ಲ, ನಿನ್ನಾಣೆ! ಆಗಿನದ್ದೇನಾದ್ರೂ ಮೈಯಲ್ಲಿ ಉಳಿದಿದ್ರೆ, ನಿನಗೆ ತಗುಲಬಾರದು ಅಂತ..."

"ನನಗೆ ಹೇಳೋಕೆ ಏನಾಗಿತ್ತು?"

"ಹೆದರಿಕೆ ಕಣೇ. ಇದನ್ನ ಒಡೆಯೋಕೂ ಕೈ ಬರ್ತಿಲ್ಲ."

ಅವಳೇ ಒಡೆದು ಓದಿದಳು. ಸೋಂಕಿತ್ತು.

ಅವಳ ಮುಖ ನೋಡಿಯೇ ಅವನಿಗೆ ಅರ್ಥವಾಯಿತು. "ಹೋಗು... ನಿಮ್ಮ ಮನೇಲಿ ನಾನೇ ಹೇಳ್ತೀನಿ."

ಅವಳ ಕಣ್ಣು ತುಂಬಿತು. ಜೊತೆಗೆ ಕೆಟ್ಟ ಕೋಪ. ಆದರೂ ಸ್ಟೂಲ್ ಎಳೆದುಕೊಂಡು ಅವನ ಪಕ್ಕ ಕೂತಳು.

"ಇದು ಗುಣ ಆಗೋ ಕಾಯಿಲೆ. ಡಾಕ್ಟರು ಕೊಡೋ ಇಂಜೆಕ್ಷನ್ ತಗೋ, ಮತ್ತೆ ಪರೀಕ್ಷೆ ಮಾಡಿಸು. ಅವರು ಸರಿ ಅನ್ನೋವರೆಗೂ ಮದುವೆ ಮುಂದಕ್ಕೆ. ಯಾವುದಕ್ಕೂ ನಾನೂ ಪರೀಕ್ಷೆ ಮಾಡಿಸ್ತೀನಿ. ಮುಚ್ಚಿಟ್ಟಿದ್ದಕ್ಕೆ ಸಿಟ್ಟಿದೆ, ಅದು ಬೇಗ ಇಳಿಯಲ್ಲ. ಆದ್ರೆ ನಾನೆಲ್ಲೂ ಹೋಗಲ್ಲ."

ಅವನು ಮಗುವಿನಂತೆ ಬಿಕ್ಕಿದ.

ಅವನ ಕಣ್ಣೊರೆಸಿ ಅವಳೇ ಕೇಳಿದಳು. "ಅವಳಿಗೆ ಹೇಳಿದ್ಯಾ?"

"ಯಾರಿಗೆ?"

"ಆ ಹುಡುಗಿಗೆ. ಅವಳ ಮೈಯಲ್ಲೂ ಇರಬಹುದಲ್ಲ? ಪಾಪ, ಗೊತ್ತೇ ಇಲ್ದೆ..."

ಅವನು ಅವಳನ್ನೇ ನೋಡಿದ. ಇಂಥವಳು ತನಗೆ ಸಿಕ್ಕಿದ್ದಾಳೆಂದು ನಂಬಲು ಅವನಿಗೆ ಧೈರ್ಯ ಸಾಲಲಿಲ್ಲ. "ನಾಳೆ ಹೇಳ್ತೀನಿ."

"ಈಗ. ನಾನಿಲ್ಲೇ ಇರ್ತೀನಿ."

ಫೋನು ಹಚ್ಚಿದ. ಅತ್ತ ರಿಂಗಾಗತೊಡಗಿತು.

"ಏನಂತ ಶುರು ಮಾಡ್ಲಿ?"

"ಮೊದಲು, ಚೆನ್ನಾಗಿದ್ದೀಯಾ ಅಂತ ಕೇಳು."