ವರಾತಿನ ಕುದುರೆಯ ಪಂಚನಾಮೆ

ಭಾನುವಾರ ಬೆಳಿಗ್ಗೆ ಮುಂಬೈ ಬಳಿಯ ಠಾಕುರ್ಲಿಯ ಪೊಲೀಸ್ ಠಾಣೆಗೆ ಶಂಕ್ರೆಪ್ಪ ಏದುಸಿರು ಬಿಡುತ್ತ ಬಂದ. ವಿಜಯಪುರ ಕಡೆಯವನು, ವರಾತಿಗೆ, ಅಂದರೆ ಮದುಮಗನ ಮೆರವಣಿಗೆಗೆ, ಕುದುರೆ ಬಾಡಿಗೆ ಕೊಡುವುದು ಅವನ ಕಸುಬು.

"ಸಾಹೇಬ್ರ, ನಮ್ಮ ಚಂದ್ರಿ ಕಳುವಾಗ್ಯಾಳ್ರೀ. ಸಂಜೀಗಿ ಕಲ್ಯಾಣದಾಗ ವರಾತ್ ಐತಿ. ಮದುಮಗ ಏನ್ ರಿಕ್ಷಾದಾಗ ಹೋಗ್ಬೇಕೇನ್ರೀ?"

ಇನ್ಸ್‌ಪೆಕ್ಟರ್ ಯಶ್ವಂತ್ ಕೋಟ್ಯಾನ್ ನಗು ನುಂಗಿಕೊಂಡು ಎಫ್‌ಐಆರ್ ದಾಖಲಿಸಿದರು. ಕಾನ್‌ಸ್ಟೇಬಲ್ ಮಲ್ಲಿಕಾಳೊಂದಿಗೆ ಲಾಯಕ್ಕೆ ಹೋಗಿ ನೋಡಿದರೆ ಜರಿಯ ಜೀನು ಗೂಟದಲ್ಲೇ ನೇತಾಡುತ್ತಿತ್ತು. ಬೆಲೆಬಾಳುವ ಜೀನನ್ನು ಬಿಟ್ಟು ಕುದುರೆಯನ್ನಷ್ಟೇ ಒಯ್ದ ಕಳ್ಳ! ನೆಲದಲ್ಲಿ ಕಂದು ಬಣ್ಣದ ತುಣುಕುಗಳು ಬಿದ್ದಿದ್ದವು. ಯಶ್ವಂತ್ ಒಂದನ್ನು ಮೂಸಿದರು. ಬಾಳೆಹಣ್ಣು, ಜೀರಿಗೆ. ಡೊಂಬಿವಲಿಯಲ್ಲಿ ಹುಟ್ಟಿದರೂ ತುಳು ಮನೆಯ ಮೂಗು ತಪ್ಪುವುದಿಲ್ಲ; ಅದು ಮಂಗಳೂರು ಬನ್ಸ್. ಅವರಿನ್ನೂ ತಿಂಡಿ ತಿಂದಿರಲಿಲ್ಲ.

"ಮಂಗಳೂರು ಕಡೆಯವರು ಯಾರಾದರೂ ಇಲ್ಲಿಗೆ ಬರ್ತಾರಾ?"

"ಪ್ರೇಕ್ಷಾ ಅಕ್ಕಾರು. ಸಾನಪಾಡಾದಾಗ ಅವರ ಅಪ್ಪಂದು ಹೋಟೆಲ್ ಐತ್ರಿ. ಚಂದ್ರಿ ಮಗ ಬಾದಲ್‌ನ ಅವರಿಗೇ ಮಾರೀನಿ."

"ಅವರು ಚಂದ್ರಿಯನ್ನೂ ಕೇಳಿದ್ರಾ?"

"ಇವತ್ತ ರೇಸ್ ಐತಿ, ಒಂದಿನ ಕಳಸ್ರಿ ಅಂದ್ರು. ವರಾತ್ ಐತಿ, ಆಗೂದಿಲ್ಲ ಅಂದೆ."

ಮೂವರೂ ಜೀಪಿನಲ್ಲಿ ಕಲ್ಯಾಣದ ಹೊರವಲಯದ ಮೈದಾನಕ್ಕೆ ಹೋದರು. ಅಲ್ಲಿ ದೂರದ ಕುದುರೆ ಸವಾರಿಯ ಸ್ಪರ್ಧೆ ನಡೆದಿತ್ತು. ಬೇಗ ಓಡಿದರೆ ಸಾಲದು. ಓಟ ಮುಗಿದ ಇಪ್ಪತ್ತು ನಿಮಿಷದೊಳಗೆ ಕುದುರೆಯ ಎದೆಬಡಿತ ನಿಮಿಷಕ್ಕೆ ಅರವತ್ತನಾಲ್ಕಕ್ಕೆ ಇಳಿಯಬೇಕು, ಇಲ್ಲದಿದ್ದರೆ ಓಡಿದ್ದೆಲ್ಲ ನೀರಲ್ಲಿ ಹೋಮ. ಎಣಿಸುವುದು ಎರಡೇ ಸಲ.

ಟೆಂಪೋದ ಹಿಂದೆ ಚಂದ್ರಿ ಹುಲ್ಲು ಮೆಲ್ಲುತ್ತಿದ್ದಳು. ಪ್ರೇಕ್ಷಾ ಓಡಲಿಲ್ಲ, ಸುಳ್ಳೂ ಹೇಳಲಿಲ್ಲ; ಇದ್ದದ್ದನ್ನು ಇದ್ದಂತೆ ಹೇಳಿದಳು. ಎರಡು ತಿಂಗಳ ಹಿಂದಿನವರೆಗೂ ಬಾದಲ್ ತಾಯಿಯ ಪಕ್ಕದಲ್ಲೇ ಇದ್ದ. ಬೇರೆ ಮಾಡಿದ ಮೇಲೆ ಎರಡು ಸ್ಪರ್ಧೆಗಳಲ್ಲೂ ಅವನ ಎದೆಬಡಿತ ಇಳಿಯಲೇ ಇಲ್ಲ. ಈ ಸಲವೂ ಹೊರಬಿದ್ದರೆ ಮಾರಿಬಿಡುವುದಾಗಿ ಅಪ್ಪ ಖಡಾಖಂಡಿತ ಹೇಳಿದ್ದರು. ಬನ್ಸ್ ತಿನ್ನಿಸಿ ಚಂದ್ರಿಯನ್ನು ತಂದದ್ದೇನೋ ಸರಿ, ಆದರೆ ಮದುವೆಗೆಂದು ಮೆಹಂದಿ ಹಚ್ಚಿದ ಅವಳ ಬಾಲವನ್ನು ಯಾರಾದರೂ ಗುರುತಿಸಿಯಾರೆಂದು ಹೆದರಿ ಮರೆಯಲ್ಲಿ ಕಟ್ಟಿದ್ದಳು. ತಾಯಿ ಕಾಣದೆ, ಓಟ ಮುಗಿಸಿದ ಬಾದಲ್‌ನ ಮೊದಲ ಎಣಿಕೆ ಎಪ್ಪತ್ತೊಂದು ಬಂದಿತ್ತು.

ಸ್ಪರ್ಧೆಯ ಪಶುವೈದ್ಯೆ ತೃಷಾ ಬಾದಲ್‌ನ ವಸಡು ಒತ್ತಿ, ಚರ್ಮ ಚಿವುಟಿ, ನಾಲ್ಕು ಹೆಜ್ಜೆ ಓಡಿಸಿ ನೋಡಿದ್ದಳು. ಎಲ್ಲವೂ ಚೆನ್ನಾಗಿತ್ತು. "ಇದು ದಣಿವಲ್ಲ, ಗಾಬರಿ. ಆದ್ರೆ ನಂಗೆ ಎಣಿಕೆ ಮುಖ್ಯ," ಎಂದಳು.

"ಸರ್, ಇನ್ನೊಂದೇ ಚಾನ್ಸ್ ಇರೋದು," ಎಂದಳು ಪ್ರೇಕ್ಷಾ. ಅವಳ ಕಣ್ಣು ತುಂಬಿತ್ತು.

ಯಶ್ವಂತ್ ಗಡಿಯಾರ ನೋಡಿದರು, ಕುದುರೆಯನ್ನೂ ನೋಡಿದರು. "ಮಲ್ಲಿಕಾ, ಪಂಚನಾಮೆ ಬರೀಬೇಕು. ಇಲ್ಲಿ ಬೆಳಕು ಸಾಲದು. ಕಳವಿನ ಮಾಲನ್ನ ಆ ಕುದುರೆ ಪಕ್ಕ ತಂದು ನಿಲ್ಲಿಸು."

ಸಾಕ್ಷಿಗೆ ಇಬ್ಬರು ಪಂಚರು ಬಂದರು. ಮಲ್ಲಿಕಾ ಬಣ್ಣ, ಎತ್ತರ, ಬಾಲದ ಮೆಹಂದಿ, ಒಂದೊಂದನ್ನೂ ಸಾವಕಾಶವಾಗಿ ಬರೆದಳು. ಅಕ್ಷರ ಅಷ್ಟು ದುಂಡಗೆ ಅವಳು ಶಾಲೆಯಲ್ಲೂ ಬರೆದಿರಲಿಕ್ಕಿಲ್ಲ. ಚಂದ್ರಿ ಮಗನ ಕುತ್ತಿಗೆಗೆ ಮೂತಿ ತಿಕ್ಕಿದಳು. ಬಾದಲ್ ತಲೆ ತಗ್ಗಿಸಿ ದೊಡ್ಡ ಉಸಿರು ಬಿಟ್ಟ. ತೃಷಾ ಸ್ಟೆತಸ್ಕೋಪ್ ಇಟ್ಟಳು.

"ಐವತ್ತೆಂಟು. ಪಾಸ್."

ಮೊದಲು ಚಪ್ಪಾಳೆ ಹೊಡೆದವನು ಫಿರ್ಯಾದುದಾರ.

ಮಲ್ಲಿಕಾ ಪ್ರೇಕ್ಷಾಳನ್ನು ಬಂಧಿಸಿದಳು. ಠಾಣೆಯಲ್ಲೇ ಜಾಮೀನು ಸಿಕ್ಕಿತು. ಶಂಕ್ರೆಪ್ಪನೇ ಜಾಮೀನುದಾರ. ಆದರೆ ಬಾದಲ್ ತಾಯಿಯನ್ನು ಬಿಟ್ಟು ಜಪ್ಪಯ್ಯ ಎಂದರೂ ಕದಲಲಿಲ್ಲ. ಹೀಗಾಗಿ ಸಂಜೆ ಕಲ್ಯಾಣದ ವರಾತಿನಲ್ಲಿ ಚಂದ್ರಿಯ ಮೇಲೆ ಮದುಮಗ, ಪಕ್ಕದಲ್ಲಿ ಸ್ಪರ್ಧೆಯ ನಂಬರು ಇನ್ನೂ ಅಳಿಯದ ಮಗ. ಅವನ ಹಗ್ಗ ಹಿಡಿದು ಆರೋಪಿ ಕುಣಿಯುತ್ತಿದ್ದಳು.

ಠಾಣೆಯಲ್ಲಿ ಯಶ್ವಂತ್ ವರದಿ ಮುಗಿಸುತ್ತಿದ್ದರು. ಕೃತ್ಯದ ಉದ್ದೇಶ ಎಂಬಲ್ಲಿ ತುಸು ಯೋಚಿಸಿ ಬರೆದರು: ಮಗನಿಗೆ ಅಮ್ಮ ಬೇಕಾಗಿತ್ತು.